ಪಿತ್ತಗಂಧೆಯ ಚರಿತ್ರೆ: ಕರಾವಳಿಯ ಒಂದು ರೋಗನಾಮವೂ ದೇಹದ ಚಯಾಪಚಯವೂ

೧

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಮೇಲೆ ಬಿಜೂರು ಎಂಬ ಗ್ರಾಮವಿದೆ. ಇದು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲೂಕಿಗೆ ಸೇರಿತ್ತು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಏರ್ಪಟ್ಟಾಗ ಆ ಜಿಲ್ಲೆಗೂ, ಅನಂತರ ಬೈಂದೂರು ಪ್ರತ್ಯೇಕ ತಾಲೂಕಾದಾಗ ಆ ತಾಲೂಕಿಗೂ ಸೇರಿತು. ಊರಿನ ಪಡುವಣಕ್ಕೆ ಉಪ್ಪುಂದದ ಕಡಲಕರೆ. ಮೂಡಣಕ್ಕೆ ಸಹ್ಯಾದ್ರಿಯ ತಪ್ಪಲು. ಆ ಕಾರಣದಿಂದ ಈ ಸೀಮೆಯ ಅಡುಗೆಮನೆಗೆ ಕಡಲ ಕಡೆಯಿಂದ ಬಂಗುಡೆಯೂ ಬೈಗೆಯೂ, ಘಟ್ಟದ ಕಡೆಯಿಂದ ಮುರುಗಲ ಹುಳಿಯೂ ಬರುವುದು ವಾಡಿಕೆ. ಪ್ರಕೃತ ಲೇಖನಕ್ಕೆ ಈ ಮೀನೂ ಈ ಹುಳಿಯೂ ಎರಡು ಮುಖ್ಯ ಸಾಕ್ಷಿಗಳು.

ಮೈಮೇಲೆ ಇದ್ದಕ್ಕಿದ್ದಂತೆ ಕೆಂಪಾದ, ಉಬ್ಬಿದ, ಬಹಳ ತುರಿಸುವ ದದ್ದುಗಳು ಎದ್ದರೆ ಅದನ್ನು ಪಿತ್ತಗಂಧೆಯೆಂದು ಕರೆಯುವುದು ಕನ್ನಡನಾಡಿನಲ್ಲಿ ರೂಢಿಯಾಗಿದೆ. ಮುರುಗಲ ಸಿಪ್ಪೆಯನ್ನು ನೆನೆಹಾಕಿದ ನೀರನ್ನು ಕುಡಿಸುವುದು, ಅದನ್ನೇ ಮೈಗೆ ಹಚ್ಚುವುದು ಕರಾವಳಿಯ ಮನೆಮದ್ದು. ಮುರುಗಲನ್ನೇ ತುಳು ಸೀಮೆಯವರು ಪುನರ್ಪುಳಿ ಎನ್ನುವರು. ಈಗ ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಂಧೆಯು ಏಳುವುದು ಚರ್ಮದ ಮೇಲೆ; ಪಿತ್ತವೆಂಬುದಾದರೋ ಉಂಡ ಅನ್ನವನ್ನು ಪಚನಮಾಡುವ ಶಕ್ತಿಗೆ ಸಂಬಂಧಿಸಿದ ಮಾತು. ಹೊರಗೆ ಕಾಣುವ ಊತಕ್ಕೆ ಒಳಗೆ ನಡೆಯುವ ಪಾಕವೇ ಕಾರಣವೆಂದು ಈ ಸಮಾಸಪದವು ಹೇಳುತ್ತದೆ. ಇದು ಬರಿಯ ಕಲ್ಪನೆಯೇ, ಅಥವಾ ಇದರಲ್ಲಿ ಏನಾದರೂ ತಥ್ಯವುಂಟೇ ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳುಂಟು. ಪೂರ್ವಿಕರು ಎಲ್ಲವನ್ನೂ ಅರಿತಿದ್ದರು ಎಂಬುದು ಒಂದು. ಹಳೆಯ ಮಾತೆಲ್ಲವೂ ಮೂಢನಂಬಿಕೆ ಎಂಬುದು ಇನ್ನೊಂದು. ಎರಡೂ ಪರಿಶೀಲನೆಗೆ ನಿಲ್ಲುವುದಿಲ್ಲ. ಕಳೆದ ನೂರೈವತ್ತು ವರ್ಷಗಳ ಸಂಶೋಧನೆಯು ಈ ಒಂದು ಹೆಸರಿನಲ್ಲಿ ಅಡಗಿದ್ದ ಬೇರೆ ಬೇರೆ ರೋಗಗಳನ್ನು ಮೊದಲು ಒಡೆದು ತೋರಿಸಿತು. ತರುವಾಯ ಅವೆಲ್ಲವುಗಳಲ್ಲಿಯೂ ದೇಹದ ಚಯಾಪಚಯಕ್ಕೆ ಕೈಯುಂಟೆಂದು ಕಂಡಿತು. ಒಡೆದುದನ್ನು ಮರೆತು ಕೂಡಿಸಿದುದನ್ನು ಮಾತ್ರ ನೆನೆದರೆ ಪ್ರಾಣಕ್ಕೆ ಅಪಾಯವುಂಟು. ಇದನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನಮ್ಮ ವೈದ್ಯಗ್ರಂಥಗಳನ್ನು ನೋಡೋಣ. ಕ್ರಿ. ಶ. ಏಳು ಎಂಟನೆಯ ಶತಮಾನಗಳದೆಂದು ಎಣಿಸಲಾಗಿರುವ ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಮೂರು ವ್ಯಾಧಿಗಳಿಗೆ ಒಂದು ಪ್ರಕರಣವೇ ಮೀಸಲಾಗಿದೆ. ತಣ್ಣನೆಯ ಗಾಳಿಯ ಸೋಂಕಿನಿಂದ ಕೆರಳಿದ ಕಫವಾತಗಳು ಪಿತ್ತದೊಡನೆ ಕೂಡಿ ಒಳಗೂ ಹೊರಗೂ ಹರಡುತ್ತವೆಂದೂ, ಕಣಜ ಕಚ್ಚಿದಂತಹ ಊತಗಳು ಮೈಮೇಲೆ ಏಳುತ್ತವೆಂದೂ, ತುರಿಕೆ ಚುಚ್ಚುವಿಕೆಗಳೊಡನೆ ಕೆಲವೊಮ್ಮೆ ವಾಂತಿ, ಜ್ವರ, ಉರಿಗಳೂ ಕಾಣುತ್ತವೆಂದೂ ಅಲ್ಲಿ ಹೇಳಿದೆ. ಕಣಜದ ಕಡಿತದ ಹೋಲಿಕೆಯು ಅತ್ಯಂತ ಸಮರ್ಪಕವಾದುದು. ಕಣಜದ ವಿಷದಿಂದ ಏಳುವ ಊತದಲ್ಲಿಯೂ ಪಿತ್ತಗಂಧೆಯಲ್ಲಿಯೂ ಹಿಸ್ಟಮೀನ್ ಎಂಬ ಒಂದೇ ವಸ್ತುವು ಕೆಲಸಮಾಡುತ್ತದೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ನೋಟವು ಅಷ್ಟು ನಿಷ್ಕೃಷ್ಟವಾಗಿದ್ದರೂ ಕಾರಣವನ್ನು ತೋರುವ ಸಾಧನಗಳು ಆ ಕಾಲದ ವೈದ್ಯರಲ್ಲಿ ಇರಲಿಲ್ಲ.

ಆಹಾರದ ವಿಷಯದಲ್ಲಿ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿರುದ್ಧಾಹಾರದ ವಿಚಾರ ಬಂದಿದೆ. ಮೀನನ್ನೂ ಹಾಲನ್ನೂ ಕೂಡಿಸಿ ತಿನ್ನಬಾರದೆಂಬ ನಿಷೇಧವು ಅಲ್ಲಿಯದು. ಕನ್ನಡದಲ್ಲಿ ವೈದ್ಯಗ್ರಂಥಗಳು ಹನ್ನೆರಡನೆಯ ಶತಮಾನದಿಂದಲೇ ದೊರೆಯುತ್ತವೆ. ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಒಂದನೆಯ ಮಂಗರಾಜನು ಕ್ರಿ. ಶ. ಸುಮಾರು ೧೩೬೦ರಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿ, ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿವರಿಸಿದನು. ಇವರಿಬ್ಬರೂ ಜೈನರು, ಜೈನ ವೈದ್ಯಪರಂಪರೆಯು ಮದ್ಯಮಾಂಸಗಳನ್ನು ದೂರವಿರಿಸಿದ್ದು ಪ್ರಸಿದ್ಧವಾಗಿದೆ. ಹೀಗಿರುವಲ್ಲಿ ಮೀನು ತಿಂದು ಗಂಧೆ ಎದ್ದವರ ಅನುಭವವು ಆ ಗ್ರಂಥಗಳಿಗಿಂತ ಹೆಚ್ಚಾಗಿ ಮೊಗವೀರ, ಖಾರ್ವಿ ಮುಂತಾದ ಕಡಲ ಜನರ ಬಾಯಿಮಾತಿನಲ್ಲಿಯೇ ಉಳಿದು ಬಂದಿತೆಂದು ಊಹಿಸುವುದು ತಪ್ಪಾಗಲಾರದು.

ಈ ಹಳೆಯ ವಿಚಾರದ ಸಾರವನ್ನು ಹೀಗೆ ಹೇಳಬಹುದು: ಚರ್ಮದ ಊತಕ್ಕೂ ಆಹಾರಕ್ಕೂ ಸಂಬಂಧವುಂಟು, ಒಬ್ಬನಿಗೆ ಪಥ್ಯವಾದುದು ಇನ್ನೊಬ್ಬನಿಗೆ ಅಪಥ್ಯವಾಗಬಹುದು, ದೇಹದ ಪಾಕಶಕ್ತಿಯು ಸರಿಯಾಗಿದ್ದರೆ ಕೆರಳಿಕೆಯು ತಗ್ಗುತ್ತದೆ. ಆದರೆ ಕೆಟ್ಟ ಮೀನಿನಿಂದ ಎದ್ದ ಗಂಧೆ, ಒಳ್ಳೆಯ ಮೀನೂ ಒಗ್ಗದೆ ಎದ್ದ ಗಂಧೆ, ಚಳಿಗಾಳಿಯಿಂದ ಎದ್ದ ಗಂಧೆ, ಇವು ಮೂರೂ ಈ ವಿಚಾರದಲ್ಲಿ ಒಂದೇ ಸಾಲಿನಲ್ಲಿ ನಿಂತವು. ಅವುಗಳನ್ನು ಬೇರ್ಪಡಿಸುವ ಕೆಲಸವು ಬೇರೆ ದೇಶಗಳಲ್ಲಿ, ಬೇರೆ ದಾರಿಯಿಂದ ನಡೆಯಿತು.

೩

೧೮೭೮ರಲ್ಲಿ ಪೌಲ್ ಏರ್ಲಿಖ್ ಎಂಬ ಜರ್ಮನ್ ವಿದ್ಯಾರ್ಥಿಯು ತನ್ನ ಪದವಿಯ ಪ್ರಬಂಧದಲ್ಲಿ, ಬಣ್ಣ ಹಾಕಿದಾಗ ಕಾಳುಕಾಳಾಗಿ ತೋರುವ ಒಂದು ಬಗೆಯ ಕೋಶಗಳನ್ನು ವರ್ಣಿಸಿದನು. ಅವು ಅತಿಪೋಷಣೆಯಿಂದ ಕೊಬ್ಬಿದ ಕೋಶಗಳಿರಬೇಕೆಂದು ಭಾವಿಸಿ, ದನಕರುಗಳನ್ನು ಮೇಯಿಸಿ ಕೊಬ್ಬಿಸುವುದಕ್ಕೆ ಆ ಭಾಷೆಯಲ್ಲಿರುವ ಮಾತಿನಿಂದ ಅವುಗಳನ್ನು ಮಾಸ್ಟ್ ಕೋಶಗಳೆಂದು ಕರೆದನು. ಆ ಊಹೆಯು ಸರಿಯಲ್ಲವೆಂದು ಮುಂದೆ ತಿಳಿಯಿತು. ಆದರೂ ನಮ್ಮ ಪಿತ್ತಗಂಧೆಯಂತೆಯೇ ಅಲ್ಲಿಯ ಹೆಸರೂ ಪೋಷಣೆಯ ಭಾವನೆಯಿಂದ ಹುಟ್ಟಿತೆಂಬುದು ಗಮನಾರ್ಹವಾಗಿದೆ.

೧೯೦೨ರಲ್ಲಿ ಪೋರ್ಟಿಯೇ, ರಿಶೇ ಎಂಬ ಫ್ರೆಂಚ್ ವಿದ್ವಾಂಸರು ಕಡಲಹೂವೆಂಬ ಸಮುದ್ರಜೀವಿಯ ವಿಷವನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ಮೊದಲನೆಯ ಸಲ ತಡೆದುಕೊಂಡ ನಾಯಿಯು ಕೆಲವು ವಾರಗಳ ಮೇಲೆ ಅತ್ಯಲ್ಪ ಪ್ರಮಾಣದ ಅದೇ ವಿಷಕ್ಕೆ ಕೆಲವೇ ನಿಮಿಷಗಳಲ್ಲಿ ಸತ್ತಿತು. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹಕ್ಕೆ ತಿರುಗಿಬೀಳುವ ಈ ಸ್ಥಿತಿಗೆ ಅನಾಫಿಲಾಕ್ಸಿಸ್ ಎಂದು ಹೆಸರಾಯಿತು. ೧೯೦೬ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆಯು ಅಲರ್ಜಿ ಎಂಬ ಪದವನ್ನು ನಿರ್ಮಿಸಿದನು. ಇಂದು ಈ ಪದವು ಕನ್ನಡದ ಮನೆಮಾತೇ ಆಗಿಬಿಟ್ಟಿದೆ.

ಕರಾವಳಿಯವರಾದ ನಮಗೆ ಹೆಚ್ಚು ಕುತೂಹಲಕರವಾದುದು ೧೯೨೧ರ ಪ್ರಯೋಗ. ಬ್ರೆಸ್ಲೌ ನಗರದ ಹೈನ್ಸ್ ಕ್ಯುಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ, ತಿಂದೊಡನೆ ಗಂಧೆಗಳೇಳುತ್ತಿದ್ದವು. ಅವನ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ಎಂಬವನು ಕ್ಯುಸ್ಟ್ನರನ ರಕ್ತದ್ರವವನ್ನು ಸ್ವಲ್ಪವಾಗಿ ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡನು. ಮೀನು ಒಗ್ಗುತ್ತಿದ್ದ ಪ್ರೌಸ್ನಿಟ್ಸನ ಮೈಯಲ್ಲಿ ಆ ಜಾಗದಲ್ಲಿ ಮಾತ್ರ ಗಂಧೆಯೆದ್ದಿತು. ಮೀನು ಒಗ್ಗದಿರುವ ಗುಣವು ರಕ್ತದಲ್ಲಿರುವ ಒಂದು ವಸ್ತುವಿನಿಂದ ಬರುತ್ತದೆಂದು ಇದರಿಂದ ಸಿದ್ಧವಾಯಿತು. ಆ ವಸ್ತುವನ್ನು ೧೯೬೬ರಲ್ಲಿ ಇಶಿಜಾಕಾ ದಂಪತಿಗಳೂ, ೧೯೬೭ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಬೆನ್ನಿಖ್‌ರೂ ಪ್ರತ್ಯೇಕವಾಗಿ ಗುರುತಿಸಿದರು. ೧೯೬೮ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಶ್ಚಯವಾಯಿತು.

ರಕ್ತದ ಈ ವಸ್ತುವು ಗಂಧೆಯನ್ನು ಎಬ್ಬಿಸುವ ಬಗೆ ಹೇಗೆ? ೧೯೦೭ರಲ್ಲಿ ರಸಾಯನಶಾಲೆಯಲ್ಲಿ ತಯಾರಾದ ಹಿಸ್ಟಮೀನಿನ ಪ್ರಭಾವವನ್ನು ೧೯೧೦ರಲ್ಲಿ ಹೆನ್ರಿ ಡೇಲ್, ಲೇಡ್ಲಾ ಎಂಬವರು ಪರೀಕ್ಷಿಸಿ, ಅದು ಅನಾಫಿಲಾಕ್ಸಿಸನ್ನು ಬಹುಮಟ್ಟಿಗೆ ಹೋಲುತ್ತದೆಂದು ಕಂಡರು. ಅದು ದೇಹದಲ್ಲಿ ಸಹಜವಾಗಿಯೇ ಇದೆಯೆಂದು ೧೯೨೭ರಲ್ಲಿ ಬೆಸ್ಟ್, ಡೇಲ್, ಡಡ್ಲಿ, ಥೋರ್ಪ್ ಎಂಬವರು ಯಕೃತ್ತು ಶ್ವಾಸಕೋಶಗಳಿಂದ ಅದನ್ನು ತೆಗೆದು ತೋರಿಸಿದರು. ೧೯೫೩ರಲ್ಲಿ ರೈಲಿ, ವೆಸ್ಟ್ ಎಂಬವರು ಅದರ ಉಗ್ರಾಣವು ಏರ್ಲಿಖನ ಮಾಸ್ಟ್ ಕೋಶವೇ ಎಂದು ನಿರ್ಣಯಿಸಿದರು. ಹೀಗೆ ಮೂರು ತಲೆಮಾರುಗಳ ಕೆಲಸದಿಂದ ಕಥೆಯು ಒಂದು ರೂಪಕ್ಕೆ ಬಂತು: ಒಗ್ಗದ ಪದಾರ್ಥವು ಮಾಸ್ಟ್ ಕೋಶದ ಮೇಲಿನ ಐಜಿಇಯನ್ನು ತಾಗುತ್ತದೆ, ಕೋಶವು ತನ್ನ ಕಾಳುಗಳನ್ನು ಹೊರಚೆಲ್ಲುತ್ತದೆ, ಅದರೊಳಗಿನ ಹಿಸ್ಟಮೀನಿನಿಂದ ಸಣ್ಣ ರಕ್ತನಾಳಗಳು ಹಿಗ್ಗಿ ಸೋರಿ ಗಂಧೆಯೇಳುತ್ತದೆ.

ಈ ಕಥೆಯಲ್ಲಿ ಪಚನಕ್ಕೆ ಸ್ಥಾನವೇ ಇಲ್ಲದಂತೆ ತೋರುತ್ತದೆ. ಆದರೆ ೧೯೨೭ರ ಆ ನಾಲ್ವರಲ್ಲಿ ಮೊದಲನೆಯವನಾದ ಚಾರ್ಲ್ಸ್ ಬೆಸ್ಟ್ ಎಂಬವನು, ೧೯೨೧ರಲ್ಲಿ ಬ್ಯಾಂಟಿಂಗನೊಡನೆ ಇನ್ಸುಲಿನ್ನನ್ನು ಕಂಡುಹಿಡಿದವನು. ಚಯಾಪಚಯದ ಅಭ್ಯಾಸವಿದ್ದ ಅವನು ಇನ್ನೊಂದು ಪ್ರಶ್ನೆಯನ್ನೂ ಕೇಳಿದನು: ದೇಹದಲ್ಲಿ ಹುಟ್ಟಿದ ಹಿಸ್ಟಮೀನು ಎಲ್ಲಿಗೆ ಹೋಗುತ್ತದೆ? ೧೯೩೦ರಲ್ಲಿ ಅವನೂ ಮ್ಯಾಕ್‌ಹೆನ್ರಿಯೂ ಅದನ್ನು ನಾಶಮಾಡುವ ಕಿಣ್ವವೊಂದು ಅಂಗಾಂಶಗಳಲ್ಲಿದೆಯೆಂದು ವರದಿಮಾಡಿದರು. ಪಿತ್ತಗಂಧೆಯ ಪೂರ್ವಪದವು ಅರ್ಥವತ್ತಾಗಲು ಆರಂಭವಾದುದು ಇಲ್ಲಿಂದ.

೪

ಈ ಕಿಣ್ವದ ಮಹತ್ವವನ್ನು ತಿಳಿಯಲು ಬಿಜೂರಿನ ಸೀಮೆಯ ಕಡಲಕರೆಗೆ ಮರಳಬೇಕು. ಮಳೆಗಾಲ ಕಳೆದ ಮೇಲೆ ಬಂಗುಡೆಯ ಹಿಂಡುಗಳು ದಡಕ್ಕೆ ಬರುತ್ತವೆ. ಒಂದಾನೊಂದು ಕಾಲದಲ್ಲಿ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಹಲವು ಹತ್ತು ಜನ ಕೂಡಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಅದು ಕ್ಷೀಣಿಸಿತು. ಒಮ್ಮೆಗೇ ರಾಶಿರಾಶಿಯಾಗಿ ಬಂದ ಮೀನು ಮರಳಿನ ಮೇಲೆ ಬಿಸಿಲಿನಲ್ಲಿ ಬಿದ್ದಿದ್ದರೆ ಏನಾಗುತ್ತದೆ?

ಬಂಗುಡೆ, ಕೇದರ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವು ಹೇರಳವಾಗಿದೆ. ಮೀನು ಸತ್ತ ಬಳಿಕ ಬೆಚ್ಚನೆಯ ಹವೆಯಲ್ಲಿ ಕೆಲವು ಸೂಕ್ಷ್ಮಜೀವಿಗಳು ವೃದ್ಧಿಯಾಗಿ ಈ ಹಿಸ್ಟಿಡಿನ್ನನ್ನು ಹಿಸ್ಟಮೀನಾಗಿ ಪರಿವರ್ತಿಸುತ್ತವೆ. ಕೆಲವೇ ಗಂಟೆಗಳ ಅಲಕ್ಷ್ಯವು ಇದಕ್ಕೆ ಸಾಕು. ಒಮ್ಮೆ ಹುಟ್ಟಿದ ಹಿಸ್ಟಮೀನು ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಮೀನನ್ನು ತಡವಾಗಿ ಉಪ್ಪು ಹಾಕಿ ಒಣಗಿಸಿದರೆ ಒಣಮೀನಿನಲ್ಲಿಯೂ ಉಳಿಯುತ್ತದೆ. ಇಂತಹ ಮೀನನ್ನು ತಿಂದವನಿಗೆ ಮುಖ ಕೆಂಪಾಗಿ, ತಲೆ ನೋಯುತ್ತ, ಮೈಯೆಲ್ಲ ಗಂಧೆಗಳೇಳುತ್ತವೆ. ಅವನ ದೇಹವು ಮೀನಿಗೆ ವಿರೋಧವಾಗಿ ಏನನ್ನೂ ಮಾಡಿಲ್ಲ; ಹೊರಗೆ ಸಿದ್ಧವಾದ ಹಿಸ್ಟಮೀನನ್ನೇ ಅವನು ಉಂಡಿದ್ದಾನೆ. ಇದು ಅಲರ್ಜಿಯಲ್ಲ, ವಿಷಬಾಧೆ. ಒಂದು ಕಿಲೋಗ್ರಾಮ್ ಮೀನಿನಲ್ಲಿ ೨೦೦ ಮಿಲಿಗ್ರಾಮಿಗೆ ಮೀರಿ ಹಿಸ್ಟಮೀನ್ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರಸಂಹಿತೆಯು ವಿಧಿಸಿದೆ. ಹಿಡಿದೊಡನೆ ಮಂಜುಗಡ್ಡೆಯಲ್ಲಿಡುವುದೇ ಇದಕ್ಕಿರುವ ಪ್ರತೀಕಾರ.

ಅಲ್ಪಪ್ರಮಾಣದ ಹಿಸ್ಟಮೀನು ನಾವು ತಿನ್ನುವ ಹಲವು ಪದಾರ್ಥಗಳಲ್ಲಿರುತ್ತದೆ. ಅದು ನಮ್ಮನ್ನು ಬಾಧಿಸದಿರುವುದು ಚಯಾಪಚಯದ ಎರಡು ಮಾರ್ಗಗಳಿಂದ. ಒಂದು, ಮುಖ್ಯವಾಗಿ ಕರುಳಿನ ಒಳಪದರದಲ್ಲಿರುವ ಡೈಅಮೀನ್ ಆಕ್ಸಿಡೇಸ್ ಎಂಬ ಕಿಣ್ವದ ಮಾರ್ಗ. ಬೆಸ್ಟ್ ಮ್ಯಾಕ್‌ಹೆನ್ರಿಯರು ಕಂಡುದು ಇದನ್ನೇ. ಇನ್ನೊಂದು, ೧೯೫೯ರಲ್ಲಿ ಬ್ರೌನ್, ಟಾಮ್ಚಿಕ್, ಆಕ್ಸೆಲ್‌ರಾಡ್ ಎಂಬವರು ವಿವರಿಸಿದ, ಕೋಶಗಳೊಳಗೆ ಹಿಸ್ಟಮೀನಿಗೆ ಮೀಥೈಲ್ ಗುಂಪನ್ನು ಜೋಡಿಸುವ ಕಿಣ್ವದ ಮಾರ್ಗ. ಮೊದಲನೆಯದು ಉಂಡ ಹಿಸ್ಟಮೀನನ್ನು ಹೊಸ್ತಿಲಲ್ಲಿಯೇ ತಡೆಯುತ್ತದೆ. ಎರಡನೆಯದು ಒಳಗೆ ಚೆಲ್ಲಿದುದನ್ನು ಗುಡಿಸುತ್ತದೆ.

ಈ ಹೊಸ್ತಿಲು ಮುಚ್ಚಿದರೆ ಏನಾಗುವುದೆಂಬುದಕ್ಕೆ ನೆರೆಯ ಸಿಂಹಳದ್ವೀಪದಿಂದ ಒಂದು ನಿದರ್ಶನ ದೊರೆಯುತ್ತದೆ. ಅಲ್ಲಿ ಕ್ಷಯರೋಗಕ್ಕಾಗಿ ಐಸೋನಿಯಾಜಿಡ್ ಔಷಧವನ್ನು ಸೇವಿಸುತ್ತಿದ್ದ ಕೆಲವರಿಗೆ, ಹಿಸ್ಟಮೀನ್ ಅಧಿಕವಾಗಿದ್ದ ಮೀನನ್ನು ತಿಂದಾಗ ಮುಖ ಕೆಂಪೇರುವುದು, ತಲೆನೋವು, ಎದೆಬಡಿತ ಮೊದಲಾದ ಉಪದ್ರವಗಳು ಕಂಡವು. ಉರಗೋಡ, ಕೊಟ್ಟೆಗೋಡ ಎಂಬ ವೈದ್ಯರು ೧೯೭೭ರಲ್ಲಿ ಇದನ್ನು ಪ್ರಕಟಿಸಿದರು. ಐಸೋನಿಯಾಜಿಡ್ ಔಷಧವು ಡೈಅಮೀನ್ ಆಕ್ಸಿಡೇಸನ್ನು ಕುಗ್ಗಿಸುತ್ತದೆ. ಆದುದರಿಂದ ಇತರರ ದೇಹವು ಸಹಿಸಿಕೊಳ್ಳುವ ಹಿಸ್ಟಮೀನನ್ನು ಅವರ ದೇಹವು ಸಹಿಸಲಾರದೆ ಹೋಯಿತು. ಉರಿಯೂತದ ತೀವ್ರತೆಯು ಚೆಲ್ಲಿದ ವಸ್ತುವಿನ ಪ್ರಮಾಣದಿಂದ ಮಾತ್ರವಲ್ಲದೆ, ಅದನ್ನು ದೇಹವು ಜೀರ್ಣಿಸಿಕೊಳ್ಳುವ ವೇಗದಿಂದಲೂ ನಿರ್ಧಾರವಾಗುತ್ತದೆಂಬುದಕ್ಕೆ ಇದು ಸ್ಪಷ್ಟವಾದ ದೃಷ್ಟಾಂತ.

೫

ಹಿಸ್ಟಮೀನೊಂದೇ ಉರಿಯೂತದ ಕರ್ತೃವಲ್ಲ. ೧೯೩೮ರಲ್ಲಿ ಫೆಲ್ಡ್‌ಬರ್ಗ್, ಕೆಲ್ಲವೇ ಎಂಬವರು ಆಸ್ಟ್ರೇಲಿಯದಲ್ಲಿ ಗಿನಿ ಇಲಿಯ ಶ್ವಾಸಕೋಶದ ಮೂಲಕ ನಾಗರಹಾವಿನ ವಿಷವನ್ನು ಹರಿಯಿಸಿದಾಗ, ಹಿಸ್ಟಮೀನಿಗಿಂತ ನಿಧಾನವಾಗಿಯೂ ದೀರ್ಘವಾಗಿಯೂ ಸ್ನಾಯುವನ್ನು ಸಂಕೋಚಗೊಳಿಸುವ ವಸ್ತುವೊಂದು ಹೊರಬಂತು. ಮಂಗರಾಜನು ಜಂಗಮವಿಷಗಳಲ್ಲಿ ಎಣಿಸಿದ ಹಾವಿನ ವಿಷವೇ ಹೀಗೆ ಉಬ್ಬಸದ ರಹಸ್ಯಕ್ಕೆ ಒಂದು ಕೀಲಿಕೈಯಾಯಿತು. ಆ ವಸ್ತುವಿನ ಸ್ವರೂಪವು ನಾಲ್ವತ್ತು ವರ್ಷ ಗೂಢವಾಗಿಯೇ ಇದ್ದು, ೧೯೭೯ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ಅವನ ಸಂಗಡಿಗರಿಂದ ಬಯಲಾಯಿತು. ಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನ ಅಂಶವು ಲಿಪಾಕ್ಸಿಜನೇಸ್ ಎಂಬ ಕಿಣ್ವದಿಂದ ಮಾರ್ಪಟ್ಟು ಉಂಟಾಗುವ ಲ್ಯೂಕೋಟ್ರಯೀನುಗಳೇ ಅವು.

ಅದೇ ಕೊಬ್ಬಿನಿಂದಲೇ ಉರಿಯೂತವನ್ನು ಶಮನಗೊಳಿಸುವ ವಸ್ತುಗಳೂ ಹುಟ್ಟುತ್ತವೆಂಬುದು ಇನ್ನೂ ಆಶ್ಚರ್ಯಕರ. ೧೯೮೪ರಲ್ಲಿ ಸೆರ್ಹಾನ್, ಹ್ಯಾಂಬರ್ಗ್, ಸ್ಯಾಮ್ಯುಯೆಲ್ಸನ್ ಎಂಬವರು ಲಿಪಾಕ್ಸಿನ್ ಎಂಬವುಗಳನ್ನು ವರ್ಣಿಸಿದರು. ಈ ಶತಮಾನದ ಆದಿಯಲ್ಲಿ ಸೆರ್ಹಾನನ ತಂಡವು ಮೀನೆಣ್ಣೆಯ ಒಮೆಗಾ ೩ ಕೊಬ್ಬುಗಳಿಂದ ದೇಹದಲ್ಲಿ ಹುಟ್ಟುವ ರಿಸಾಲ್ವಿನ್ ಎಂಬವುಗಳನ್ನು ಹೆಸರಿಸಿತು. ನಮ್ಮ ಕರಾವಳಿಯ ಬೈಗೆಯು, ಎಂದರೆ ಬೂತಾಯಿಯು, ಈ ಬಗೆಯ ಕೊಬ್ಬಿನಿಂದ ಸಮೃದ್ಧವಾದ ಮೀನು. ಕೆಟ್ಟಾಗ ಗಂಧೆಯನ್ನು ಎಬ್ಬಿಸುವ ಮೀನೇ ತಾಜಾ ಇರುವಾಗ ಶಮನದ ಸಾಮಗ್ರಿಯನ್ನು ಒದಗಿಸುತ್ತದೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದರೆ ಬೈಗೆ ತಿಂದವರಿಗೆ ಉಬ್ಬಸವು ವಾಸಿಯಾಗುತ್ತದೆಂದು ಇದರ ಅರ್ಥವಲ್ಲ. ಮೀನೆಣ್ಣೆಯನ್ನು ಕೊಟ್ಟು ನಡೆಸಿದ ಪರೀಕ್ಷೆಗಳ ಫಲಗಳು ಒಂದೇ ತೆರನಾಗಿಲ್ಲ.

೬

ಇನ್ನು ಸಕ್ಕರೆಯ ಮಾರ್ಗ. ಯಕೃತ್ತಿನಿಂದ ಸಕ್ಕರೆಯು ಹೊರಬರುವಂತೆ ಅಡ್ರಿನಲಿನ್ ಎಂಬ ಗ್ರಂಥಿರಸವು ಹೇಗೆ ಮಾಡುತ್ತದೆಂದು ಶೋಧಿಸುತ್ತಿದ್ದ ಅರ್ಲ್ ಸದರ್‌ಲೆಂಡನು ೧೯೫೦ರ ದಶಕದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಅಂತರ್ದೂತವನ್ನು ಕಂಡುಹಿಡಿದನು. ಅಡ್ರಿನಲಿನ್ನೂ, ಆ ದೂತವು ಬೇಗನೆ ನಾಶವಾಗದಂತೆ ತಡೆಯುವ ಥಿಯೋಫಿಲಿನ್ ಜಾತಿಯ ವಸ್ತುಗಳೂ ಅಲರ್ಜಿಯುಳ್ಳವರ ಬಿಳಿಯ ರಕ್ತಕಣಗಳಿಂದ ಹಿಸ್ಟಮೀನ್ ಬಿಡುಗಡೆಯಾಗುವುದನ್ನು ತಗ್ಗಿಸುತ್ತವೆಂದು ೧೯೬೮ರಲ್ಲಿ ಲಿಕ್ಟೆನ್‌ಸ್ಟೈನ್, ಮಾರ್ಗೋಲಿಸ್ ಎಂಬವರು ತೋರಿಸಿದರು. ಸಕ್ಕರೆಯ ವ್ಯವಹಾರವನ್ನು ನಡೆಸುವ ದೂತನೇ ಅಲರ್ಜಿಗೂ ಕಡಿವಾಣ ಹಾಕುತ್ತಾನೆಂದು ಹೀಗೆ ತಿಳಿಯಿತು. ೨೦೧೭ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಮಾಸ್ಟ್ ಕೋಶಗಳನ್ನು ಪರೀಕ್ಷಿಸಿ, ಐಜಿಇಯ ಮೂಲಕ ಕೆರಳಿದೊಡನೆ ಅವು ಸಕ್ಕರೆಯನ್ನು ಒಡೆಯುವ ವೇಗವನ್ನು ಹೆಚ್ಚಿಸುತ್ತವೆಂದೂ, ಅದನ್ನು ತಡೆದರೆ ಕಾಳುಗಳನ್ನು ಚೆಲ್ಲುವ ಕೆಲಸವೂ ಕುಂದುತ್ತದೆಂದೂ ವರದಿಮಾಡಿದರು. ಒಂದೆರಡು ಮಾರ್ಗಗಳನ್ನು ಇಲ್ಲಿಯೇ ಹೆಸರಿಸಬಹುದು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಕಿಣ್ವವು ಇಲಿಗಳಲ್ಲಿ ಉಬ್ಬಸವನ್ನು ತಗ್ಗಿಸುತ್ತದೆಂದು ೨೦೦೪ರಲ್ಲಿಯೂ, ನಾರಿನ ಆಹಾರದಿಂದ ಕರುಳಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಪ್ರೊಪಿಯೊನೇಟಿಗೂ ಅದೇ ಗುಣವುಂಟೆಂದು ೨೦೧೪ರಲ್ಲಿಯೂ ಪ್ರಕಟವಾಯಿತು. ಕರುಳಿನಲ್ಲಿ ನಡೆಯುವ ಪಾಕದಿಂದ ದೂರದ ಶ್ವಾಸಕೋಶದ ಉರಿಯೂತವು ತಗ್ಗುವುದೆಂಬುದು ಹಳೆಯ ವೈದ್ಯನ ಕಿವಿಗೆ ಅಪರಿಚಿತವಾದ ಮಾತಾಗಿರಲಾರದು.

ಈಗ ಘಟ್ಟದ ಹುಳಿಯ ಕಡೆಗೆ ತಿರುಗೋಣ. ಮುರುಗಲಿನ ಹತ್ತಿರದ ಬಂಧುವಾದ ಉಪ್ಪಾಗೆಯ ಹಣ್ಣಿನಲ್ಲಿರುವ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ೧೯೬೫ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್, ನೀಲಕಂಠನ್ ಎಂಬವರು ನಿರ್ಣಯಿಸಿದರು. ಮುರುಗಲಿನಲ್ಲಿಯೂ ಈ ಆಮ್ಲವಿದೆ. ಸಕ್ಕರೆಯಿಂದ ಬಂದ ಸಿಟ್ರೇಟನ್ನು ಒಡೆದು ಅಸಿಟೈಲ್ ಕೋಎ ಎಂಬ ವಸ್ತುವನ್ನು ಮಾಡುವ ಕಿಣ್ವಕ್ಕೆ ಈ ಆಮ್ಲವು ಪ್ರಬಲವಾದ ತಡೆಯೆಂದು ೧೯೬೯ರಲ್ಲಿ ಅಮೆರಿಕದ ವಾಟ್ಸನ್, ಫಾಂಗ್, ಲೋವೆನ್‌ಸ್ಟೈನ್ ಎಂಬವರು ತೋರಿಸಿದರು. ಅದೇ ಅಸಿಟೈಲ್ ಕೋಎಯಿಂದಲೇ ಜೀವಕೋಶದ ಬೀಜಕೇಂದ್ರದಲ್ಲಿರುವ ಹಿಸ್ಟೋನುಗಳಿಗೆ ಅಸಿಟೈಲ್ ಗುರುತು ಬೀಳುತ್ತದೆಂದೂ, ಹೀಗೆ ಆಹಾರದ ಪಾಕವು ಯಾವ ವಂಶವಾಹಿಗಳು ಕೆಲಸಮಾಡಬೇಕೆಂಬುದನ್ನು ಪ್ರಭಾವಿಸುತ್ತದೆಂದೂ ೨೦೦೯ರಲ್ಲಿ ತಿಳಿಯಿತು. ಅದಕ್ಕೆ ಐದು ವರ್ಷ ಮೊದಲೇ, ೨೦೦೪ರಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡವು, ಮುರುಗಲ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿಯ ವಸ್ತುವು ಆ ಗುರುತನ್ನು ಹಾಕುವ ಕಿಣ್ವಗಳನ್ನೇ ತಡೆಯುತ್ತದೆಂದು ಪ್ರಕಟಿಸಿತ್ತು. ಲ್ಯೂಕೋಟ್ರಯೀನುಗಳನ್ನು ಮಾಡುವ ಲಿಪಾಕ್ಸಿಜನೇಸನ್ನೂ ಗಾರ್ಸಿನಾಲು ಕುಗ್ಗಿಸುತ್ತದೆಂದು ಜರ್ಮನಿಯಲ್ಲಿ ೨೦೦೯ರಲ್ಲಿ ಕಂಡರು.

ಈ ಸಾಲನ್ನು ಓದಿದವರಿಗೆ, ಹಾಗಾದರೆ ಮ‌ುರುಗಲ ನೀರಿನ ಮನೆಮದ್ದು ಸಿದ್ಧವಾಯಿತಲ್ಲ ಎಂದು ತೋರಬಹುದು. ಹಾಗೆ ಹೇಳುವುದು ನ್ಯಾಯವಲ್ಲ. ಮೇಲಿನ ಪ್ರಯೋಗಗಳು ಶುದ್ಧೀಕರಿಸಿದ ವಸ್ತುಗಳಿಂದ, ಪರೀಕ್ಷಾನಾಳಗಳಲ್ಲಿಯೂ ಪ್ರತ್ಯೇಕಿಸಿದ ಕೋಶಗಳಲ್ಲಿಯೂ ನಡೆದವು. ಗಾರ್ಸಿನಾಲು ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತುವಲ್ಲ. ಅಲ್ಲದೆ ಸಾಧಾರಣ ಗಂಧೆಯು ಔಷಧವಿಲ್ಲದೆಯೇ ಒಂದು ದಿನದೊಳಗಾಗಿ ಅಡಗುವುದು; ಅದಕ್ಕೆ ಮುನ್ನ ಏನನ್ನು ಕುಡಿದಿದ್ದರೂ ಕೀರ್ತಿಯು ಅದಕ್ಕೇ ಸಲ್ಲುವುದು. ತಂಪಾದ ಮುರುಗಲ ನೀರು ಹಿತಕರವಾದ ಪಾನೀಯವೆಂಬುದರಲ್ಲಿ ಸಂದೇಹವಿಲ್ಲ. ಉಪ್ಪಾಗೆಯ ಸಾರವನ್ನು ಮೈತೂಕ ಇಳಿಸುವ ಗುಳಿಗೆಗಳಾಗಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳುಂಟೆಂಬುದನ್ನೂ ಮರೆಯಬಾರದು. ಪಾನಕವೇ ಬೇರೆ, ಸಾರವೇ ಬೇರೆ.

೭

ಈ ಚರಿತ್ರೆಯಿಂದ ಫಲಿಸುವುದೇನು? ಪಿತ್ತಗಂಧೆಯೆಂಬ ಹೆಸರು ಚರ್ಮವನ್ನೂ ಪಚನವನ್ನೂ ಒಂದು ಸೂತ್ರದಲ್ಲಿ ಕಟ್ಟಿತು. ಆ ಸೂತ್ರವು ಸತ್ಯಕ್ಕೆ ದೂರವಾದುದಲ್ಲ. ಆದರೆ ಹಳಬರ ಪಿತ್ತವೂ ಇಂದಿನ ಚಯಾಪಚಯವೂ ಒಂದೇ ಎಂದು ಸಮೀಕರಿಸಲಾಗದು. ಪಿತ್ತವು ಇಡೀ ದೇಹದ ಸ್ಥಿತಿಯನ್ನು ಒಂದು ಮಾತಿನಲ್ಲಿ ಹಿಡಿಯುವ ಭಾವನೆ. ಚಯಾಪಚಯದ ಮಾರ್ಗಗಳಾದರೋ ಒಂದೊಂದು ಕಿಣ್ವವನ್ನೂ ಅಳೆದು, ತಡೆದು, ಪರೀಕ್ಷಿಸಿ ತಿಳಿದವು. ಮೊದಲನೆಯದು ಎತ್ತ ನೋಡಬೇಕೆಂದು ಸೂಚಿಸಬಲ್ಲುದು; ಎಲ್ಲಿ ಕೈಹಾಕಬೇಕೆಂದು ಎರಡನೆಯದು ಮಾತ್ರ ಹೇಳಬಲ್ಲುದು.

ಒಂದು ಹೆಸರಿನಲ್ಲಿ ಎರಡು ರೋಗಗಳು ಅಡಗಿರುವುದರಿಂದ ಆಗುವ ಕೇಡೂ ಎರಡು ಬಗೆಯದು. ಬಿಸಿಲಿನಲ್ಲಿದ್ದ ಬಂಗುಡೆಯನ್ನು ತಿಂದು ಒಮ್ಮೆ ಗಂಧೆಯೆದ್ದವನಿಗೆ, ಮೀನು ನಿನ್ನ ಮೈಗೆ ಆಗದೆಂದು ಹೇಳಿ ಜನ್ಮವಿಡೀ ಮೀನು ಬಿಡಿಸುವುದು ಒಂದು. ಕಡಲಕರೆಯ ಬಡಕುಟುಂಬಕ್ಕೆ ಅದು ಅಲ್ಪ ನಷ್ಟವಲ್ಲ. ಅದೇ ಮೀನನ್ನು ತಿಂದ ಹಲವರಿಗೆ ಒಟ್ಟಿಗೆ ಬಾಧೆಯಾಗಿದ್ದರೆ, ಮುಂದೆ ತಾಜಾ ಮೀನಿನಿಂದ ಏನೂ ಆಗದಿದ್ದರೆ, ಅದು ಮೀನಿನ ಕೆಡುಕೇ ಹೊರತು ದೇಹದ ಅಲರ್ಜಿಯಲ್ಲವೆಂದು ಎಣಿಸಲು ಆಧಾರವುಂಟು. ವೈದ್ಯರ ಪರೀಕ್ಷೆಯಿಂದ ಅದನ್ನು ನಿಶ್ಚಯಿಸಿಕೊಳ್ಳಬಹುದು. ಇನ್ನೊಂದು ಕೇಡು ಇದಕ್ಕಿಂತ ಘೋರವಾದುದು. ಮೀನಿನ ಪಾರ್ವಾಲ್ಬುಮಿನ್ ಎಂಬ ಪ್ರೋಟೀನಿಗೆ ನಿಜವಾದ ಅಲರ್ಜಿಯುಳ್ಳವನಿಗೆ, ತಾಜಾ ಮೀನಿನ ಒಂದು ತುಣುಕೂ ಅಪಾಯಕರ. ತುಟಿ ನಾಲಗೆಗಳು ಊದಿ, ಉಸಿರು ಕಟ್ಟಿ, ತಲೆ ಸುತ್ತಿ ಬೀಳುವಂತಾದರೆ ಅದು ಕ್ಯುಸ್ಟ್ನರನ ಗಂಧೆಯ ದಾರಿಯಲ್ಲಿ ರಿಶೇಯ ನಾಯಿಯ ಗತಿಗೆ ಹೋಗುವ ಸ್ಥಿತಿ. ಆಗ ಹುಳಿಯ ನೀರನ್ನು ಹುಡುಕುತ್ತ ಕಾಲವನ್ನು ಕಳೆಯಕೂಡದು. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುವುದೇ ಮೊದಲ ಚಿಕಿತ್ಸೆ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಮಾಧವನಿದಾನಕಾರನು ಕಣಜದ ಕಡಿತವನ್ನು ನೆನೆದು ಗಂಧೆಯನ್ನು ವರ್ಣಿಸಿದನು. ನಮ್ಮ ಹಿರಿಯರು ಪಿತ್ತವನ್ನು ನೆನೆದು ಅದಕ್ಕೆ ಹೆಸರಿಟ್ಟರು. ಅವರು ಕಣ್ಣಾರೆ ಕಂಡುದನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಅವರಿಗೆ ಕಾಣದಿದ್ದುದನ್ನು ಕಂಡರೆಂದು ಆರೋಪಿಸಬೇಕಾಗಿಯೂ ಇಲ್ಲ. ಬಿಜೂರಿನ ಮನೆಯೊಂದರಲ್ಲಿ ಮಗುವಿನ ಮೈಮೇಲೆ ಗಂಧೆಯೆದ್ದಾಗ ಪಿತ್ತಗಂಧೆಯೆಂಬ ಹಳೆಯ ಹೆಸರನ್ನೇ ಹೇಳಲಿ. ಆದರೆ ಆ ಹೆಸರನ್ನು ಹೇಳಿ ಸುಮ್ಮನಾಗದೆ, ತಿಂದುದೇನು, ಅದು ತಾಜಾ ಇತ್ತೇ, ಒಟ್ಟಿಗೆ ಉಂಡವರಿಗೆ ಏನಾಯಿತು, ಉಸಿರಾಟವು ಸರಿಯಾಗಿದೆಯೇ ಎಂದು ವಿಚಾರಿಸುವುದನ್ನು ಕಲಿತರೆ, ಈ ನೂರೈವತ್ತು ವರ್ಷಗಳ ಪರಿಶ್ರಮವು ಆ ಮನೆಗೂ ಸಾರ್ಥಕವಾದಂತಾಯಿತು.